ಚಿಂಚೋಳಿಯ ಅಡವಿಯಲ್ಲಿ

ಆಳಂದ, ಅಫಜಲಪುರ, ಜೇವರ್ಗಿಗಳ ನಮಗೆ ಅಡವಿಯೆಂದರೆ ಹೊಲದ ಬದುವಿನ ಜಾಲಿಮರ. ತೊಗರಿ, ಜೋಳ, ಕರಿಮಣ್ಣು, ಭೀಮೆಯ ದಂಡೆ, ಇಷ್ಟಕ್ಕೆ ನಮ್ಮ ನಿಸರ್ಗವರ್ಣನೆ ಮುಗಿಯುತ್ತದೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳನ್ನು ಹಲವು ವರ್ಷ ಪಾಠ ಹೇಳಿದ ನಾನು ನಮ್ಮ ಜಿಲ್ಲೆಯಲ್ಲಿಯೇ ಗಿರಿ, ವನ, ಜಲಪಾತಗಳು ಒಂದೆಡೆ ಕೂಡಿರುವುದನ್ನು ಕಂಡದ್ದು ನಿವೃತ್ತಿಯ ಅನಂತರ.

ಕಲಬುರಗಿಯನ್ನು ದಾಟಿ ಚಿಂಚೋಳಿಯತ್ತ ಸಾಗಿದಂತೆ ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಕುಂಚಾವರಂ ಕಾಡಿನಲ್ಲಿ ಶ್ರೀಗಂಧವಿದೆ, ರಕ್ತಚಂದನವಿದೆ. ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ. ಅಲ್ಲಿಂದ ಹೊರಟ ನೀರು ಮುಲ್ಲಾಮಾರಿಯನ್ನು ಕೂಡಿ ಕಾಗಿಣೆಗೆ, ರಾಷ್ಟ್ರಕೂಟರ ಮಳಖೇಡವನ್ನು ಹಾದು ಭೀಮೆಗೆ ಸೇರುತ್ತದೆ. ‘ಕವಿರಾಜಮಾರ್ಗ’ ಹುಟ್ಟಿದ ರಾಜಧಾನಿ ಈ ಅಡವಿಯ ನೀರನ್ನೇ ಕುಡಿದಿರಬೇಕು.

ಎತ್ತಿಪೋತ ಜಲಪಾತವನ್ನು ನೋಡಬೇಕಾದರೆ ಮಳೆಗಾಲದಲ್ಲಿಯೇ ಹೋಗಬೇಕು. ಹೆಸರು ತೆಲುಗಿನದು; ಎತ್ತಿ ಹೊಯ್ಯುವುದು ಎಂದರ್ಥ. ಆ ‘ಪೋಯು’ ನಮ್ಮ ಹಳಗನ್ನಡದ ‘ಪೊಯ್’ ಧಾತುವಿನ ಬಂಧು. ಗಡಿಯ ನೀರಿಗೆ ಎರಡೂ ಭಾಷೆ ಬರುತ್ತದೆ.

ನೋಡಹೋದವರು ಇದನ್ನು ‘ನ್ಯಾಷನಲ್ ಪಾರ್ಕ್’ ಎನ್ನುವುದುಂಟು. ಅದಲ್ಲ, 2011ರಲ್ಲಿ ಘೋಷಿತವಾದ, ಸುಮಾರು 135 ಚದರ ಕಿಲೋಮೀಟರಿನ ವನ್ಯಜೀವಿಧಾಮ. ಶಬ್ದಶುದ್ಧಿಗಾಗಿ ಈ ಮಾತನ್ನು ಎತ್ತುತ್ತಿಲ್ಲ. 1972ರ ಕಾಯಿದೆಯಂತೆ ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯುವಂತಿಲ್ಲ. ವನ್ಯಜೀವಿಧಾಮದಲ್ಲಿ ನಿಯಮಕ್ಕೊಳಪಟ್ಟು ಮೇಯಿಸಲು ಅವಕಾಶವುಂಟು. ದನವೇ ಬದುಕಾದ ತಾಂಡಾದ ಲಂಬಾಣಿಗಳಿಗೆ ಈ ಎರಡು ಹೆಸರುಗಳ ನಡುವೆ ಒಂದು ಹೊತ್ತಿನ ಊಟವಿದೆ. ತೋಳ, ಕತ್ತೆಕಿರುಬಗಳಿಗೆ ನೆಲೆ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮನುಷ್ಯರ ಲೆಕ್ಕ ಇಲ್ಲಿ ವಿಚಿತ್ರವಾಗಿದೆ. ಗಡಿಯಾಚೆ ತೆಲಂಗಾಣದಲ್ಲಿ ಲಂಬಾಣಿಗಳು ಪರಿಶಿಷ್ಟ ಪಂಗಡ, ಈಚೆ ನಮ್ಮಲ್ಲಿ ಪರಿಶಿಷ್ಟ ಜಾತಿ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸವನ್ನು ತೋರಿದರೆ ಸಾಕು. ಉಳಿದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸ್ಥಾಪಿಸಬೇಕು. ಬಂಧುಗಳೇ ಆದವರಿಗೆ ಗುಡ್ಡದ ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು ಅಳತೆ!

ತಾಂಡಾದ ಹಿರಿಯರೊಬ್ಬರು, “ಸರ, ನಮ್ಮಪ್ಪ ಹುಟ್ಟಿದ್ದೂ ಇಲ್ಲೇರಿ. ಕಾಗದ ಎಲ್ಲಿಂದ ತರೂಣ್ರಿ?” ಎಂದರು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವಾಗುತ್ತದೆಂದು ಆ ಕಾಯಿದೆಯ ನಿಯಮಗಳೇ ಹೇಳುತ್ತವೆ. ಅದನ್ನು ಅವರಿಗೆ ತಿಳಿಸಿದೆ. ಅವರು ಮಗನನ್ನು ಕರೆದು, ಇನ್ನೊಮ್ಮೆ ನಿಧಾನವಾಗಿ ಹೇಳಿರೆಂದರು.