ತಾಯಿಯ ಬಳಿ, ತಂದೆಯ ಹೆಸರು



ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಉದ್ಯೋಗವನ್ನರಸಿ ಮುಂಬಯಿಗೆ ಬಂದು, ಸಿಡ್ಕೋ ನಿಗಮದವರು ನಗರವಾಗಿ ಬೆಳೆಸಿದ, ಆಗರಿ ಮತ್ತು ಕೋಳಿ ಸಮುದಾಯಗಳ ಹಳ್ಳಿಯಾದ ಈ ಘಣಸೋಲಿಯಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ, ಕುಲದ ಮೂಲವನ್ನು ಕುರಿತು ಮೊಮ್ಮಕ್ಕಳು ಕೇಳತಕ್ಕ ಪ್ರಶ್ನೆಗೆ, ಲಾಲಾರಸವನ್ನು ನಳಿಕೆಯೊಂದರಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿದರೆ ಉತ್ತರ ದೊರೆಯುವುದೆಂಬ ನಂಬಿಕೆ ಈಗ ಹಬ್ಬುತ್ತಲಿದೆ. ಈ ಡಿಎನ್‌ಎ ಪರೀಕ್ಷೆ ನಮ್ಮ ವಂಶಕ್ರಮಕ್ಕೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದೇ ಇಂದಿನ ವಿಚಾರ.

ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರವೇ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಕುಲನಾಮವೂ ಅದೇ ಮಾರ್ಗವಾಗಿ ಇಳಿಯುತ್ತದೆ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಎಂಬ ವಿಜ್ಞಾನಿ ತನ್ನದೇ ಕುಲನಾಮವನ್ನು ಧರಿಸಿದ್ದ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಅರ್ಧದ ಸಮೀಪದಷ್ಟು ಜನರ ವೈ ವರ್ಣತಂತು ಒಂದೇ ಬಗೆಯದೆಂದು 2000ರಲ್ಲಿ ಪ್ರಕಟಿಸಿದಂದಿನಿಂದ, ಹೆಸರೂ ರಕ್ತವೂ ಜೊತೆಯಾಗಿ ಸಾಗುವುವೆಂಬ ವಿಶ್ವಾಸ ಬಲವಾಯಿತು.

ನಮ್ಮಲ್ಲಿ ಹಾಗಲ್ಲ. ಊರಿನ ಹೆಸರಿನ ಮೊದಲಕ್ಷರವನ್ನೂ ತಂದೆಯ ಹೆಸರಿನ ಮೊದಲಕ್ಷರವನ್ನೂ ಮುಂದಿಟ್ಟುಕೊಂಡು ಬದುಕಿದ್ದ ನಮ್ಮ ಹಿರಿಯರು, ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳನ್ನು ಬೇಡುವ ಇಲ್ಲಿನ ಅರ್ಜಿಗಳ ಮುಂದೆ ನಿಂತಾಗ, ಒಬ್ಬರು ಊರನ್ನೂ ಮತ್ತೊಬ್ಬರು ಜಾತಿವಾಚಕವನ್ನೂ ಬರೆಯಿಸಿದರು. ಹೀಗಾಗಿ ಒಡಹುಟ್ಟಿದ ಸೋದರರಿಗೆ ಭಿನ್ನ ಅಡ್ಡಹೆಸರುಗಳೂ, ಸಂಬಂಧವೇ ಇಲ್ಲದ ಸಾವಿರಾರು ಮನೆಗಳಿಗೆ ಶೆಟ್ಟಿ, ಪೂಜಾರಿ ಎಂಬ ಒಂದೇ ಅಡ್ಡಹೆಸರೂ ಬಂದಿರುವಾಗ, ಅಡ್ಡಹೆಸರನ್ನು ಹಿಡಿದು ವೈ ವರ್ಣತಂತುವನ್ನು ಹೋಲಿಸುವುದರಿಂದ ದೊರೆಯತಕ್ಕ ಫಲ ಅತ್ಯಲ್ಪ.

ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ತುಳುನಾಡಿನ ಅಳಿಯಸಂತಾನದ ಕುಟುಂಬಗಳಿಗಾದರೋ ಬೇರೊಂದು ದಾರಿಯುಂಟು, ಮತ್ತು ಅದರ ಮೇಲೆಯೇ ನನ್ನ ಒಲವು. ಅರಸನಾದ ಭೂತಾಳಪಾಂಡ್ಯನ ಕಟ್ಟಳೆಯೆಂದು ಐತಿಹ್ಯವು ಹೇಳುವ ಆ ಪದ್ಧತಿಯಲ್ಲಿ ಬಳಿಯೆಂಬ ಕುಲವಿಭಾಗವು, ತುಳುವಿನಲ್ಲಿ ಬರಿ ಎನ್ನುವರಷ್ಟೆ, ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಪರಸ್ಪರ ವಿವಾಹವಾಗಕೂಡದು. ಜೀವಕೋಶದೊಳಗಿನ ಮೈಟೊಕಾಂಡ್ರಿಯದ 16,569 ಅಕ್ಷರಗಳ ಚಿಕ್ಕ ಡಿಎನ್‌ಎಯೂ ತಾಯಿಯಿಂದಲೇ ಬರುತ್ತದೆ. ಕುಟುಂಬದ ಯಜಮಾನನಾಗಿದ್ದ ಸೋದರಮಾವನು ತನ್ನ ತಾಯಿಯಿಂದ ಪಡೆದ ಈ ಅಂಶವನ್ನು ದೇಹದಲ್ಲಿ ಹೊತ್ತಿದ್ದರೂ ತನ್ನ ಮಕ್ಕಳಿಗೆ ಕೊಡಲಾರ. ಅದು ಮುಂದುವರಿಯುವುದು ಅವನ ಸೋದರಿಯ ಮಕ್ಕಳಲ್ಲಿ. ಅವನ ಕುಟುಂಬದ ಆಸ್ತಿಯೂ ಅವರಿಗೇ ಸಲ್ಲುತ್ತಿತ್ತು! 1949ರ ಮದರಾಸು ಅಳಿಯಸಂತಾನ ಶಾಸನ ಹಾಗೂ 1956ರ ಹಿಂದೂ ಉತ್ತರಾಧಿಕಾರ ಶಾಸನಗಳು ಆಸ್ತಿಯ ಕ್ರಮವನ್ನು ಬದಲಿಸಿದವೇ ಹೊರತು ಬಳಿಯ ಗಣನೆಯನ್ನು ಅಳಿಸಲಿಲ್ಲ. ದೇಹದ ಕ್ರಮವಂತೂ ಯಾವ ಶಾಸನಕ್ಕೂ ಒಳಪಟ್ಟುದಲ್ಲ.

ಆದರೂ ಮೈಟೊಕಾಂಡ್ರಿಯದ ಪರೀಕ್ಷೆಯನ್ನು ಬಳಿಯ ಪ್ರಮಾಣಪತ್ರವೆಂದು ತಿಳಿಯಬಾರದು. ಅದರ ಡಿಎನ್‌ಎ ಬಹು ನಿಧಾನವಾಗಿ ಬದಲಾಗುವುದರಿಂದ, ಇಬ್ಬರದು ಪೂರ್ಣವಾಗಿ ಹೊಂದಿದರೂ ಅವರ ಸಮಾನ ಮೂಲಮಾತೆ ಅನೇಕ ಶತಮಾನಗಳ ಹಿಂದಿನವಳಾಗಿರಬಹುದು. ಹೆಣ್ಣುಸಂತಾನವಿಲ್ಲದ ಮನೆ ಹೆಣ್ಣುಮಗುವನ್ನು ದತ್ತು ಪಡೆದಿದ್ದರೆ, ಬಳಿ ಉಳಿದು ಅಂಶ ಬದಲಾಗಿರುತ್ತದೆ. ಆಗ ಮನೆತನ ಸುಳ್ಳಾಯಿತೇ? ಸಾಕಿ ಬೆಳೆಸಿದ ಸಂಬಂಧವೂ ಸಂಬಂಧವೇ ಎಂದು ನಾನು ದೃಢವಾಗಿ ನಂಬುತ್ತೇನೆ. ಇನ್ನು ತಂದೆತಾಯಿಗಳಿಬ್ಬರಿಂದಲೂ ಬರುವ ಡಿಎನ್‌ಎಯನ್ನು ಅಳೆದು ಬಂಧುಗಳನ್ನು ಹುಡುಕಿಕೊಡುವ ಪರೀಕ್ಷೆಯು, ಸೋದರಿಕೆಯ ಮದುವೆಗಳು ತಲೆತಲಾಂತರದಿಂದ ನಡೆದ ನಮ್ಮ ಮನೆಗಳಲ್ಲಿ, ದೂರದ ನಂಟನನ್ನು ಹತ್ತಿರದವನೆಂದು ತೋರಿಸುವ ಸಂಭವ ಹೆಚ್ಚು.

ಇಷ್ಟೆಲ್ಲ ಮಿತಿಗಳಿದ್ದರೂ, ಬರೆಹದ ಆಧಾರ ನಷ್ಟವಾದಲ್ಲಿ ಈ ವಿಜ್ಞಾನದ ಉಪಕಾರ ದೊಡ್ಡದು. ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಆಫ್ರಿಕಾದಿಂದ ದಾಸರನ್ನಾಗಿ ಹಡಗಿನಲ್ಲಿ ತಂದವರು ಅವರ ಮನೆತನದ ಹೆಸರನ್ನು ಬರೆದಿಡಲಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಆನುವಂಶಿಕ ಸತ್ತ್ವದಲ್ಲಿ ಸುಮಾರು ಶೇಕಡ 60ರಿಂದ 75ರಷ್ಟು ಆಫ್ರಿಕಾದ್ದೆಂದು ತಿಳಿಸಿ, ಬಾಂಟು ಭಾಷಿಕ ಜನಾಂಗಗಳೊಡನೆ ಅವರ ನಂಟನ್ನು ಸ್ಥಾಪಿಸಿತು. ಕಸಿದುಕೊಂಡ ಚರಿತ್ರೆಯ ಒಂದಂಶ ಹೀಗೆ ಅವರಿಗೆ ಮರಳಿದುದು ಸಾಮಾನ್ಯ ಸಂಗತಿಯಲ್ಲ.

ಪರೀಕ್ಷೆ ಮಾಡಿಸತಕ್ಕವರು ತಾಯಿಮನೆಯ ಹಿರಿಯಳಿಂದ, ಆಕೆಯಿಲ್ಲದಿದ್ದರೆ ಆಕೆಯ ಸೋದರನಿಂದ, ಮನಃಪೂರ್ವಕವಾದ ಒಪ್ಪಿಗೆಯೊಡನೆ ಆರಂಭಿಸಲಿ. ಏಕೆಂದರೆ ಒಬ್ಬನ ಲಾಲಾರಸವು ಇಡೀ ಮನೆಯ ಗುಟ್ಟನ್ನು ಹೇಳಬಲ್ಲದು. ಆ ಗುಟ್ಟು ಭದ್ರವಾಗಿರುವುದೆಂಬ ಭರವಸೆಯೂ ಇಲ್ಲ: 2023ರಲ್ಲಿ ಡಿಎನ್‌ಎ ಪರೀಕ್ಷೆ ನಡೆಸುವ ಅಮೆರಿಕದ 23ಆಂಡ್‌ಮಿ ಸಂಸ್ಥೆಯಿಂದ ಸುಮಾರು 69 ಲಕ್ಷ ಜನರ ವಿವರಗಳು ಸೋರಿಹೋದುವು. ಇನ್ನು, ಯಾವ ಪ್ರಯೋಗಾಲಯವೂ ಮೂಲಮಾತೆಯ ಹೆಸರನ್ನು ಹೇಳಲಾರದಾದುದರಿಂದ, ಉತ್ತರ ಕರ್ನಾಟಕದವರು ವಂಶಾವಳಿಯನ್ನು ಹೇಳುವ ತಮ್ಮ ಮನೆತನದ ಹೆಳವರನ್ನು ವಿಚಾರಿಸಲಿ. ನಾಸಿಕದಲ್ಲಿ ಶ್ರಾದ್ಧ ಮಾಡಿಸಿದವರು ಅಲ್ಲಿಯ ತೀರ್ಥಪುರೋಹಿತರ ವಂಶಾವಳಿಯ ವಹಿಯನ್ನು ನೋಡಲಿ. ಅಜ್ಜಂದಿರು ಓದಿದ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ದಾಖಲೆಪುಸ್ತಕಗಳು ಉಳಿದಿದ್ದರೆ ಅವನ್ನೂ ತೆರೆಯಲಿ. ಅಜ್ಜಿಯ ತಾಯಿಯ, ಆಕೆಯ ತಾಯಿಯ ಹೆಸರುಗಳು ಇಂಥ ಬರೆಹಗಳಲ್ಲಿ ಸಿಕ್ಕುವುದು ಕಷ್ಟ. ಅವನ್ನು ಬಲ್ಲ ಮುದುಕಿಯರು ನಮ್ಮ ಮನೆಗಳಲ್ಲಿ ಇನ್ನೂ ಇರುವಾಗಲೇ, ಊರು ಮತ್ತು ಬಳಿಯ ಸಹಿತವಾಗಿ ಬರೆದುಕೊಳ್ಳುವ ಕೆಲಸವನ್ನು ಘಣಸೋಲಿಯ ನಮ್ಮ ಕನ್ನಡ ಸಂಘದ ತರುಣರು ಕೈಗೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.