ಹಲ್ಲಿನ ಬೇರಿಗೆ ಮರದ ಹಾಲು

ನನ್ನ ಹೈಸ್ಕೂಲಿನ ಭೂಗೋಳದ ಮೇಷ್ಟರು ನಿವೃತ್ತರಾಗಿ ಹತ್ತು ವರ್ಷಗಳಾದ ಮೇಲೆ ಒಂದು ದಿನ ಕೆನ್ನೆಯನ್ನು ಅಂಗೈಯಿಂದ ಒತ್ತಿಹಿಡಿದುಕೊಂಡು ನನ್ನ ದಂತಚಿಕಿತ್ಸಾಲಯಕ್ಕೆ ಬಂದರು. ಕೆಳದವಡೆಯ ದೊಡ್ಡ ಹಲ್ಲೊಂದು ಒಳಗಿನಿಂದ ಸತ್ತಿತ್ತು. ಕೀಳುವುದಾದರೆ ಕೆಲವು ನಿಮಿಷಗಳ ಕೆಲಸ. ಉಳಿಸುವುದಾದರೆ ಮೂರು ನಾಲ್ಕು ಸಲ ಬಂದುಹೋಗಬೇಕು. "ಆರನೆಯ ವಯಸ್ಸಿಗೆ ಬಂದ ಹಲ್ಲಯ್ಯಾ ಇದು. ಅರವತ್ತು ವರ್ಷಕ್ಕೂ ಮೇಲೆ ನನ್ನ ಅನ್ನ ಅಗಿದಿದೆ. ಉಳಿಸು" ಎಂದರು. ಕೊನೆಯ ದಿನ ಕುರ್ಚಿಯಿಂದ ಏಳುತ್ತ, "ಬೇರಿನೊಳಗೆ ಅದೇನು ತುಂಬಿದೆ?" ಎಂದು ಕೇಳಿದರು. ಗಟ್ಟಾ ಪರ್ಚಾ ಎಂದೆ. ಮೇಷ್ಟರ ಕಣ್ಣು ಅರಳಿತು. "ಕಡಲ ತಳದ ತಂತಿಗೆ ಹೊದಿಸುತ್ತಿದ್ದರಲ್ಲ, ಆ ಗಟ್ಟಾ ಪರ್ಚಾವೇ? ಅದನ್ನು ನನ್ನ ಬಾಯಿಗೆ ಇಟ್ಟೆಯೇನಯ್ಯಾ!"

ಅವರ ಆ ಪ್ರಶ್ನೆಯೇ ಈ ಭಾಷಣಕ್ಕೆ ಪ್ರೇರಣೆ. ಆ ಹಲ್ಲಿನ ಕಥೆ ಅಂದಿಗೆ ಮುಗಿಯಲಿಲ್ಲ. ಮುಂದಿನದನ್ನು ಆಮೇಲೆ ಹೇಳುತ್ತೇನೆ.

ಹಲ್ಲು ಹೊರಗೆ ಕಲ್ಲಿನಂತೆ ಕಂಡರೂ ಅದರ ನಡುವೆ ನರ, ರಕ್ತನಾಳಗಳಿಂದಾದ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಯವರೆಗೆ ಇಳಿದಾಗ ತಿರುಳು ಕೊಳೆಯುತ್ತದೆ. ಆ ಕೊಳೆತದ್ದನ್ನು ತೆಗೆದು, ಬೇರಿನ ನಾಳವನ್ನು ತೊಳೆದು, ಅಗಲಿಸಿ, ಮುಚ್ಚುವುದಕ್ಕೇ ರೂಟ್ ಕೆನಾಲ್ ಚಿಕಿತ್ಸೆ ಎಂದು ಹೆಸರು. ನಾಳ ಎಂದೊಡನೆ ನಮ್ಮ ಮನಸ್ಸಿಗೆ ನೆಟ್ಟಗಿನ ಕೊಳವೆ ಬರುತ್ತದೆ. ಸ್ವಿಟ್ಸರ್ಲೆಂಡಿನ ವಾಲ್ಟರ್ ಹೆಸ್ ಎಂಬುವರು ಕಳೆದ ಶತಮಾನದ ಆರಂಭದಲ್ಲಿ ಸಾವಿರಾರು ಕಿತ್ತ ಹಲ್ಲುಗಳೊಳಗೆ ರಬ್ಬರನ್ನು ಒತ್ತಿ ತುಂಬಿ, ಬಳಿಕ ಹಲ್ಲನ್ನು ಕರಗಿಸಿ ನೋಡಿದರು. ಉಳಿದ ರಬ್ಬರಿನ ಅಚ್ಚಿನಲ್ಲಿ ಕಂಡದ್ದು ಕೊಳವೆಯಲ್ಲ, ಹೊಳೆ. ಕವಲು, ಉಪಕವಲು, ಒಂದರಿಂದ ಇನ್ನೊಂದಕ್ಕೆ ಹಾಯುವ ಕಾಲುವೆ, ತುದಿಯಲ್ಲಿ ಮುಖಜಭೂಮಿಯಂತೆ ಹರಡಿದ ಎಳೆಗಳು. ನಮ್ಮ ಮೇಷ್ಟರಿಗೆ ತೋರಿಸಿದ್ದರೆ ನಕ್ಷೆ ಬರೆಯಲು ಕುಳಿತುಬಿಡುತ್ತಿದ್ದರು.

ಇದನ್ನು ತುಂಬಲೇಬೇಕೇಕೆ? 1931ರಲ್ಲಿ ರಿಕರ್ಟ್ ಮತ್ತು ಡಿಕ್ಸನ್ ಎಂಬ ಇಬ್ಬರು ಮೊಲಗಳ ಚರ್ಮದಡಿ ಟೊಳ್ಳು ಸೂಜಿಗಳನ್ನು ಹುದುಗಿಸಿ, ಅವುಗಳ ತೆರೆದ ಬಾಯಿಯ ಸುತ್ತ ಉರಿಯೂತವಾದುದನ್ನು ಕಂಡು, ಟೊಳ್ಳೇ ಕೇಡು ಎಂದರು. ಒಂದು ತಲೆಮಾರು ಅದನ್ನೇ ಪಾಠವಾಗಿ ಓದಿತು. ಆದರೆ 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಅವರ ಸಂಗಡಿಗರು, ಸೂಕ್ಷ್ಮಜೀವಿಯ ಸೋಂಕೇ ಇಲ್ಲದಂತೆ ಬೆಳೆಸಿದ ಇಲಿಗಳ ಹಲ್ಲನ್ನು ಕೊರೆದು ತೆರೆದಿಟ್ಟರು. ತಿರುಳು ಕೊಳೆಯುವುದಿರಲಿ, ಗಾಯ ತಾನಾಗಿ ಮಾಯತೊಡಗಿತು. ಸಾಮಾನ್ಯ ಇಲಿಗಳ ತಿರುಳು ಸತ್ತಿತು. ಮರುವರ್ಷವೇ ಟಾರ್ನೆಕ್ ಎಂಬುವರು, ಶುಚಿಯಾದ ಟೊಳ್ಳು ಕೊಳವೆಯನ್ನು ದೇಹ ಸಹಿಸುತ್ತದೆಂದು ತೋರಿಸಿದರು. ಎಂದರೆ ಟೊಳ್ಳಿನದಲ್ಲ ತಪ್ಪು, ಟೊಳ್ಳಿನಲ್ಲಿ ಮನೆಮಾಡಿದವರದು. ಅಳಿದುಳಿದ ಜೀವಿಗಳನ್ನು ಅಲ್ಲಿಯೇ ಹೂತು, ಹೊಸಬರಿಗೆ ಬಾಗಿಲು ಮುಚ್ಚುವುದಷ್ಟೇ ತುಂಬುವುದರ ಉದ್ದೇಶ. ಗುಡಿಸದ ಮನೆಗೆ ಬೀಗ ಹಾಕಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಹಿಂದೆ ಚಿನ್ನದ ತೆಳುಹಾಳೆಯನ್ನು ತುರುಕುತ್ತಿದ್ದ ಕಾಲವೂ ಇತ್ತು. ಗಟ್ಟಾ ಪರ್ಚಾ ಬಂದದ್ದು ಮಲಯದ ಕಾಡಿನಿಂದ. 'ಗೆತಾ' ಎಂದರೆ ಅವರ ಮಾತಿನಲ್ಲಿ ಮರದ ಹಾಲು. ಅಲ್ಲಿಯ ಜನ ಅದರಿಂದ ಮಚ್ಚಿನ ಹಿಡಿ ಮಾಡುತ್ತಿದ್ದುದನ್ನು ಗಮನಿಸಿದ ಮಾಂಟ್ಗೊಮರಿ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ 1843ರಲ್ಲಿ ಸಿಂಗಪುರದಿಂದ ಲಂಡನ್ನಿಗೆ ಮಾದರಿ ಕಳುಹಿಸಿದ. ಅಣುಗಳ ಲೆಕ್ಕದಲ್ಲಿ ಇದು ರಬ್ಬರಿನ ಒಡಹುಟ್ಟು. ಜೋಡಣೆ ಮಾತ್ರ ಬೇರೆ. ರಬ್ಬರು ಹಿಗ್ಗುತ್ತದೆ, ಇದು ಕಾಯಿಸಿದರೆ ಮೆತ್ತಗಾಗಿ, ಆರಿದರೆ ಗಡುಸಾಗುತ್ತದೆ. ಉಪ್ಪುನೀರಿನಲ್ಲಿ ಕೆಡುವುದಿಲ್ಲ. 1851ರಲ್ಲಿ ಇಂಗ್ಲೆಂಡ್ ಫ್ರಾನ್ಸುಗಳ ನಡುವೆ ಕಡಲಡಿಯಲ್ಲಿ ಹಾಸಿದ ತಂತಿಗೆ ಇದೇ ಹೊದಿಕೆ. ಆ ಮೇಲೆ ತಂತಿಗಾಗಿ ಕಾಡೇ ಉರುಳಿತು. ಹಾಲಿಗಾಗಿ ಮರವನ್ನೇ ಕಡಿಯುತ್ತಿದ್ದರು. ಇದೇ ಕುಲದ ಮರವೊಂದು ನಮ್ಮ ಪಶ್ಚಿಮಘಟ್ಟದಲ್ಲಿಯೂ ಇದೆ. ಹಿಂದೆ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು, ಮುಂದೆ ಮದರಾಸಿನ ಅರಣ್ಯಾಧಿಕಾರಿಯಾದ ಕ್ಲೆಗ್‌ಹಾರ್ನ್ 1858ರಲ್ಲಿ ಅದರ ಮೇಲೊಂದು ಟಿಪ್ಪಣಿಯನ್ನೇ ಬರೆದ. ಅದರ ಹಾಲು ಮಲಯದ್ದಕ್ಕೆ ಸಮವಾಗಲಿಲ್ಲ. ನಮ್ಮ ಮರಗಳ ಪುಣ್ಯ ಎನ್ನೋಣ.

1867ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಬೋಮನ್ ಇದನ್ನು ಹಲ್ಲಿನ ಬೇರಿಗೆ ಇಳಿಸಿದ. ಕಡಲ ತಂತಿಗೆ ಆಮೇಲೆ ಪಾಲಿಥಿನ್ ಬಂದಿತು. ಹಲ್ಲು ಮಾತ್ರ ಈ ಹಾಲನ್ನು ಇನ್ನೂ ಬಿಟ್ಟಿಲ್ಲ. ನಾವು ಬಳಸುವ ನಸುಗೆಂಪು ಕಡ್ಡಿಯಲ್ಲಿ ಗಟ್ಟಾ ಪರ್ಚಾ ಇರುವುದು ಸುಮಾರು ಐದರಲ್ಲೊಂದು ಪಾಲು. ಹೆಚ್ಚಿನದು ಸತುವಿನ ಆಕ್ಸೈಡು, ಜೊತೆಗೆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲು ಬೇರಿಯಂ ಲವಣ, ಒಂದಿಷ್ಟು ಮೇಣ.

ಇನ್ನು ಉಪಕರಣ. 1838ರಲ್ಲಿ ಮೇನಾರ್ಡ್ ಎಂಬ ವೈದ್ಯ ಗಡಿಯಾರದ ಸ್ಪ್ರಿಂಗನ್ನು ಉಜ್ಜಿ ನಾಳಕ್ಕೆ ಇಳಿಯುವ ಕಡ್ಡಿ ಮಾಡಿದನಂತೆ. ಇಂದಿನ ಫೈಲುಗಳಿಗೆ ಅಳತೆಯ ಕಟ್ಟುಪಾಡಿದೆ: ಕೆಂಪು ಹಿಡಿಯ 25ನೆಯ ನಂಬರಿನ ತುದಿ 0.25 ಮಿಲಿಮೀಟರು, ಅಲ್ಲಿಂದ ಮೇಲಕ್ಕೆ ಮಿಲಿಮೀಟರಿಗೆ 0.02ರಂತೆ ದಪ್ಪವಾಗುತ್ತದೆ. ತುಂಬುವ ಕಡ್ಡಿಗೂ ಅದೇ ನಂಬರು, ಅದೇ ಬಣ್ಣ. ತುಂಬುವುದು ಕಲ್ಲುಕಟ್ಟಡದವನ ಕೆಲಸದಂತೆ. ಕಡ್ಡಿ ಕಲ್ಲು, ಸೀಲರ್ ಎಂಬ ತೆಳುವಾದ ಲೇಪ ಗಾರೆ. ಒಳ್ಳೆಯ ಕಟ್ಟಡದಲ್ಲಿ ಕಲ್ಲು ಹೆಚ್ಚು, ಗಾರೆ ಕಡಮೆ. ಮೊದಲ ಕಡ್ಡಿ ತುದಿಯಲ್ಲಿ ಬಿಗಿಯಾಗಿ ಕೂರಬೇಕು. ಎಳೆದರೆ ತುಸು ಹಟ ಮಾಡಬೇಕು. ಬಳಿಕ ಸ್ಪ್ರೆಡರ್ ಎಂಬ ಚೂಪು ಸಲಾಕೆಯಿಂದ ಅದನ್ನು ಪಕ್ಕಕ್ಕೆ ಒತ್ತಿ, ಸಿಕ್ಕ ಸಂದಿಗೆ ಇನ್ನೊಂದು ಸಣ್ಣ ಕಡ್ಡಿ, ಮತ್ತೆ ಒತ್ತು, ಮತ್ತೊಂದು. ಕೊನೆಗೆ ಕಾಯಿಸಿದ ಸಲಾಕೆಯಿಂದ ಹೊರಗೆ ಚಾಚಿದ ತುದಿಗಳನ್ನು ಕತ್ತರಿಸುವುದು. ಬಲ ಹೆಚ್ಚಾದರೆ ಬೇರು ಸೀಳುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಪುಸ್ತಕ ಹೇಳಬಹುದು, ಕೈ ಕಲಿಯಲು ವರ್ಷಗಳು ಬೇಕು.

ಬೆಳ್ಳಿಯ ಕಡ್ಡಿಗಳೂ ಕೆಲಕಾಲ ಮೆರೆದವು. ನೆಟ್ಟಗೆ ಇಳಿಯುತ್ತಿದ್ದವು, ಎಕ್ಸ್-ರೇಯಲ್ಲಿ ಅಂದವಾಗಿ ಹೊಳೆಯುತ್ತಿದ್ದವು. ಒಳಗೆ ಮಾತ್ರ ಕಿಲುಬು ಹಿಡಿದು ಕಪ್ಪಾಗುತ್ತಿದ್ದವು. 1967ರಲ್ಲಿ ಬಾಸ್ಟನ್ನಿನ ಷಿಲ್ಡರ್ ಗಟ್ಟಾ ಪರ್ಚಾವನ್ನು ನಾಳದೊಳಗೇ ಕಾಯಿಸಿ ಮೇಲಿನಿಂದ ಅದುಮುವ ಕ್ರಮವನ್ನು ವಿವರಿಸಿದರು. ಮೆತ್ತಗಾದ ಹಾಲು ಹೆಸ್ ಕಂಡ ಆ ಕವಲುಗಳಿಗೂ ಹರಿಯುತ್ತದೆ. ಈಗ ವಿದ್ಯುತ್ತಿನಿಂದ ಕ್ಷಣದಲ್ಲಿ ಕಾಯುವ ಸಲಾಕೆ, ಕರಗಿಸಿ ಚಿಮ್ಮಿಸುವ ಪಿಸ್ತೂಲು, ಸಿಮೆಂಟಿನಂತೆ ತೇವದಲ್ಲಿಯೇ ಗಟ್ಟಿಯಾಗುವ ಸೀಲರುಗಳು ಎಲ್ಲವೂ ಬಂದಿವೆ. ಒಂದೇ ಕಡ್ಡಿ, ಉಳಿದುದೆಲ್ಲ ಗಾರೆ ಎನ್ನುವ ಹೊಸ ಪಂಗಡವೂ ಇದೆ. ನಾನು ಹಳೆಯ ಕಾಲದವನು. ಕಲ್ಲಿನ ಮೇಲೆಯೇ ನನಗೆ ಹೆಚ್ಚು ನಂಬಿಕೆ. ಆದರೆ ಯಾವ ಉಪಕರಣವೂ ಫೈಲು ಮುಟ್ಟದ ಕಡೆಯನ್ನು ಶುಚಿಮಾಡಿಕೊಟ್ಟದ್ದನ್ನು ನಾನು ಕಂಡಿಲ್ಲ.

ಈಗ ಮೇಷ್ಟರ ಹಲ್ಲು. ಅದರ ಮುಂಬೇರಿನ ಒಂದು ನಾಳ ಸೊಟ್ಟಗಿತ್ತು. ತಿರುವಿನಲ್ಲಿ ನನ್ನ ಫೈಲು ತಡೆದು ನಿಂತಿತು. ಎರಡು ಸಲ ಯತ್ನಿಸಿ, ಹೊರಗೆ ಕಾಯುತ್ತಿದ್ದವರ ಸಾಲನ್ನು ನೋಡಿ, ನಿಂತಲ್ಲಿಗೇ ತುಂಬಿಬಿಟ್ಟೆ. ಎಕ್ಸ್-ರೇಯಲ್ಲಿ ಬಿಳಿಯ ಗೆರೆ ಬೇರಿನ ತುದಿಗಿಂತ ಮೂರು ಮಿಲಿಮೀಟರು ಈಚೆಗೇ ನಿಂತದ್ದು ಸ್ಪಷ್ಟವಾಗಿ ಕಂಡಿತು. ಗಟ್ಟಾ ಪರ್ಚಾದ ಮಾತಿನಲ್ಲಿ ಅವರು ಸಂತೋಷವಾಗಿದ್ದರು, ನಾನು ಸುಮ್ಮನಾದೆ. ಮೇಲೆ ಲೋಹದ ಟೋಪಿ ಕೂಡಿಸಿ ಕಳುಹಿಸಿದೆ.

ನಾಲ್ಕು ವರ್ಷಗಳ ಮೇಲೆ ದವಡೆ ಊದಿಸಿಕೊಂಡು ಬಂದರು. ಹೊಸ ಎಕ್ಸ್-ರೇಯಲ್ಲಿ ಅದೇ ಬೇರಿನ ತುದಿಗೆ ಕಡಲೆಯಷ್ಟು ಕಪ್ಪು ನೆರಳು. ಅವರು ಅದನ್ನು ನೋಡಿ, ನನ್ನನ್ನು ನೋಡಿ, "ಇದು ನಿನಗೆ ಆಗಲೇ ಗೊತ್ತಿತ್ತೇನಯ್ಯಾ?" ಎಂದರು. ಗೊತ್ತಿತ್ತು ಸಾರ್ ಎಂದೆ. ತರಗತಿಯಲ್ಲಿ ತಪ್ಪು ನಕ್ಷೆ ಬರೆದವನನ್ನು ಅವರು ಎಂದೂ ಹೊಡೆದವರಲ್ಲ. ಅಳಿಸಿ ಮತ್ತೆ ಬರೆ ಎನ್ನುತ್ತಿದ್ದರು. ಅಂದೂ ಬಾಯಿ ತೆರೆದು ಕುರ್ಚಿಗೆ ಒರಗಿದರು.

ಗಟ್ಟಾ ಪರ್ಚಾದ ದೊಡ್ಡ ಗುಣ ಅಳಿಸಲು ಬರುವುದೇ. ನೀಲಗಿರಿ ಎಣ್ಣೆಯ ಹನಿ ಬಿಟ್ಟು, ಮೆತ್ತಗಾದಂತೆ ತುಸುತುಸುವಾಗಿ ಎಳೆದು ತೆಗೆದೆ. ಕೋಣೆಯೆಲ್ಲ ನೆಗಡಿಯ ಮದ್ದಿನ ವಾಸನೆ. ಅತಿ ಸಣ್ಣ ಫೈಲಿನ ತುದಿಯನ್ನು ತುಸು ಬಗ್ಗಿಸಿ, ಅಂದು ಬಿಟ್ಟ ತಿರುವನ್ನು ತಡಕಿದೆ. ಮುಕ್ಕಾಲು ಗಂಟೆಯ ಮೇಲೆ ಅದು ಜಾರಿ ಇಳಿಯಿತು. ಎರಡು ವಾರ ಔಷಧ ಇಟ್ಟು, ಆ ಮೇಲೆ ತುಂಬಿದೆ. ಫಿಲ್ಮನ್ನು ಅವರ ಕೈಗೇ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, "ಈ ಸಲ ಹೊಳೆ ಕಡಲು ಮುಟ್ಟಿತೇ?" ಎಂದು ಕೇಳಿದರು.

"ಅರ್ಧ ಮಿಲಿಮೀಟರು ಈಚೆಗೆ ನಿಂತಿದೆ ಸಾರ್. ಅಲ್ಲಿಯೇ ನಿಲ್ಲಬೇಕು."

ಆರು ತಿಂಗಳಿಗೊಮ್ಮೆ ಬಂದು ತೋರಿಸಿದರು. ವರ್ಷ ತುಂಬುವ ಹೊತ್ತಿಗೆ ಕಪ್ಪು ನೆರಳು ಸಾಸಿವೆಯಷ್ಟಾಗಿತ್ತು. ಮೊದಲಿನ ಫಿಲ್ಮನ್ನೂ ಕೊನೆಯದನ್ನೂ ಕೇಳಿ ಪಡೆದು, ತಮ್ಮ ಹಳೆಯ ಅಟ್ಲಾಸಿನ ನಡುವೆ ಇಟ್ಟುಕೊಂಡರು.