ಭೀಮನ ಕೈಗೆ ಬಿಲ್ಲು

ನಮ್ಮ ಸಕಲೇಶಪುರ, ಆಲೂರು ಕಡೆಯ ಶಾಲೆಗಳಲ್ಲಿ ಮಿಕ್ಕವರಿಗಿಂತ ಒಂದು ಗೇಣು ಎತ್ತರದ ಹುಡುಗ ತರಗತಿಗೊಬ್ಬನಾದರೂ ಇದ್ದೇ ಇರುತ್ತಾನೆ. ಅವನ ಪಾಡನ್ನು ನೀವು ಕಂಡವರೇ. ಪಾಠಕ್ಕೆ ಹಿಂದಿನ ಬೆಂಚು. ಬ್ಯಾಸ್ಕೆಟ್ ಬಾಲ್ ಆಟಕ್ಕಿಳಿದರೆ ಬುಟ್ಟಿಯ ಕೆಳಗಿನ ಜಾಗ. "ಅಲ್ಲಿಂದ ಕದಲಬೇಡಪ್ಪ, ಚೆಂಡು ಬಂದರೆ ಹಿಡಿದು ಒಳಕ್ಕೆ ಹಾಕು" ಎಂದುಬಿಡುತ್ತೇವೆ. ಕಳೆದ ವರ್ಷ ಅಂಥವನೊಬ್ಬ, "ಸಾರ್, ನಾನೂ ಹೊರಗೆ ಬಂದು ಆಡಲೇ?" ಎಂದು ಕೇಳಿದಾಗ ನಾನೂ ಬೇಡವೆಂದೆ.

ಹಾಗೆನ್ನಲು ಕಾರಣವಿಲ್ಲದಿಲ್ಲ. ರಿಂಗು ಇರುವುದು ನೆಲದಿಂದ 10 ಅಡಿ ಮೇಲೆ. ಏಳಡಿಯ ಆಳು ಕೈಯೆತ್ತಿ ತುಸು ನೆಗೆದರೆ ಸಾಕು. ಅಮೆರಿಕದ ವೃತ್ತಿಪರ ಆಟದಲ್ಲಿ ಜಾರ್ಜ್ ಮೈಕನ್ ಎಂಬ ಆರಡಿ ಹತ್ತಂಗುಲದ ಆಟಗಾರ ಬುಟ್ಟಿಯ ಬಳಿ ಎಬ್ಬಿಸಿದ ಹಾವಳಿಯನ್ನು ತಡೆಯಲು, ಅದರ ಮುಂದಿನ ಪಟ್ಟಿಯನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ ಅಗಲಿಸಿದರು. 1964ರಲ್ಲಿ ಅದು 16 ಅಡಿಯಾಯಿತು. ಆ ಪಟ್ಟಿಯೊಳಗೆ ಚೆಂಡು ಪಡೆದ ಪಕ್ಷದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದು. ಆದರೇನು, ಭೀಮ ಗದೆ ಹಿಡಿದು ಎರಡು ಹೆಜ್ಜೆ ಸರಿದು ನಿಂತ, ಅಷ್ಟೆ.

ಅವನನ್ನು ಕೊನೆಗೂ ಕದಲಿಸಿದ್ದು ಒಂದು ಲೆಕ್ಕ. 1979ರಲ್ಲಿ ಅಲ್ಲಿ ದೂರದಲ್ಲೊಂದು ಗೆರೆಯೆಳೆದು, ಅದರಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕವೆಂದರು. 1984ರಲ್ಲಿ ಅದು ಅಂತರರಾಷ್ಟ್ರೀಯ ನಿಯಮವೂ ಆಯಿತು. ಹತ್ತಿರದ ನೂರು ಎಸೆತಗಳಲ್ಲಿ 50 ಬಿದ್ದರೆ 100 ಅಂಕ. ದೂರದಿಂದ 34 ಬಿದ್ದರೂ 102. ನಮ್ಮ ಕಾಫಿ ತೋಟದ ರೈಟರು ಬೆರಳ ಮೇಲೆ ಮಾಡುವ ಲೆಕ್ಕವಿದು. ದೊಡ್ಡಾಳುಗಳಿಗೆ ಇದು ಮನದಟ್ಟಾಗಲು ಮಾತ್ರ ಮೂವತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಏಳಡಿಯ ಬ್ರೂಕ್ ಲೋಪೆಜ್ ತನ್ನ ಮೊದಲ ಎಂಟು ವರ್ಷಗಳಲ್ಲಿ ಇಂಥ ಬುಟ್ಟಿ ಹಾಕಿದ್ದು ಮೂರೇ ಮೂರು. 2016-17ರ ಒಂದೇ ವರ್ಷದಲ್ಲಿ 134!

ದೊಡ್ಡಾಳು ಹೊರಗೆ ನಿಂತನೆಂದರೆ ಅವನನ್ನು ಕಾಯುವ ಎದುರು ಪಕ್ಷದ ದೊಡ್ಡಾಳೂ ಹೊರಗೆ ಬರಲೇಬೇಕಷ್ಟೆ. ಆಗ ಬುಟ್ಟಿಯ ಕೆಳಗೆಲ್ಲ ಬಯಲು. ಚುರುಕಾದ ಗಿಡ್ಡಾಳು ನುಗ್ಗಲು ಹೆದ್ದಾರಿ. ಸರ್ಬಿಯದ ನಿಕೋಲಾ ಯೋಕಿಚ್ ಆರಡಿ ಹನ್ನೊಂದಂಗುಲದವನಾದರೂ, ಅವನ ದೊಡ್ಡ ಹೆಸರು ಚೆಂಡನ್ನು ಜೊತೆಯವರಿಗೆ ದಾಟಿಸುವುದರಲ್ಲಿ. 2021, 2022, 2024ರಲ್ಲಿ ಆ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಅವನದಾಯಿತು.

ನಮ್ಮ ದೇಶದ ಮಾತೂ ಒಂದಿದೆ. ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಎರಡಂಗುಲದ ಆಳು, 2015ರಲ್ಲಿ ಅದೇ ಲೀಗಿನ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಆತನೇ ಮೊದಲಿಗ. ಆದರೆ ಲೀಗಿನ ಒಂದು ಪಂದ್ಯವನ್ನೂ ಆಡುವ ಯೋಗ ಅವನಿಗೆ ಬರಲಿಲ್ಲ. ಕಾರಣಗಳು ಹಲವಿದ್ದಾವು, ಬುಟ್ಟಿಯ ಕೆಳಗೇ ಬೆಳೆದ ಭೀಮರಿಗೆ ಬೇಡಿಕೆ ಕುಗ್ಗುತ್ತಿದ್ದ ಕಾಲವಂತೂ ಅದು.

ಆದ್ದರಿಂದ ನಿಮ್ಮ ಮನೆಯಲ್ಲಿ ಉದ್ದನೆಯ ಹುಡುಗನೋ ಹುಡುಗಿಯೋ ಇದ್ದರೆ, ಚೆಂಡು ಪುಟಿಸುತ್ತ ಓಡಲು, ದೂರದಿಂದ ಎಸೆಯಲು ಬಿಡಿ. ಈ ಸಲ ಮಳೆ ಬಿಡುವು ಕೊಟ್ಟ ಒಂದು ಸಂಜೆ ನಾನೂ ಆ ಹುಡುಗನನ್ನು ಕರೆದು, "ಹೊರಗೆ ಬಾರಪ್ಪ" ಎಂದೆ. ಮೊದಲ ಹತ್ತು ಎಸೆತಗಳಲ್ಲಿ ಒಂದೂ ಬೀಳಲಿಲ್ಲ. ಹನ್ನೊಂದನೆಯದು ರಿಂಗಿಗೆ ತಗುಲಿ ಚರಂಡಿಗೆ ಉರುಳಿತು. ಅವನೇ ಓಡಿಹೋಗಿ ತಂದು, ಅಂಗಿಗೆ ಒರೆಸಿಕೊಂಡು, ಮತ್ತೆ ಗೆರೆಯ ಬಳಿಗೆ ಬಂದು ನಿಂತ.